ಎರಡು ಮೊಳ ಮುಂಚೆ

ಮೂವತ್ತಾರು ವರ್ಷ ರೈಲು ಓಡಿಸಿ ನಿವೃತ್ತರಾಗಿ ಬಂದ ಡ್ರೈವರಿಗೆ ತಮ್ಮ ಮನೆಯಲ್ಲಿ ಕೂರಲು ಜಾಗ ಸಿಗಲಿಲ್ಲ. ಮನೆಯೇನೂ ಚಿಕ್ಕದಲ್ಲ. ಆದರೆ ಕಿಟಕಿ ಪಕ್ಕದ ಒರಗುಕುರ್ಚಿ ಅವರ ತಾಯಿಯದು. ಎಂಬತ್ತೆರಡು ವರ್ಷದ ಆಕೆ ಅದರಿಂದ ಏಳುತ್ತಿದ್ದುದು ಊಟಕ್ಕೆ ಮತ್ತು ಜಗಳಕ್ಕೆ ಮಾತ್ರ. ಅಡುಗೆಮನೆಯಲ್ಲಿ ಎಲ್ಲಿ ಹೋಗಿ ನಿಂತರೂ ಸರಿಯಾಗಿ ಅದೇ ಜಾಗದಲ್ಲಿ ಹೆಂಡತಿಗೆ ಏನೋ ಬೇಕಾಗಿರುತ್ತಿತ್ತು. ಹೊರಗೆ ಮೆಟ್ಟಿಲ ಮೇಲೆ ಕೂತರೆ ಹೋಗಿಬರುವವರೆಲ್ಲ, "ಏನ್ ಡ್ರೈವರೇ, ಬೀಗದ ಕೈ ಕಳ್ಕೊಂಡ್ರಾ?" ಎಂದು ಕೇಳುತ್ತಿದ್ದರು. ಮೊದಲನೇ ವಾರ ಅವರು ಮನೆಯ ಗಡಿಯಾರಗಳನ್ನೆಲ್ಲ ಹಿಡಿದು ಒಂದೇ ಸಮಯಕ್ಕೆ ತಂದರು. ಎರಡನೇ ವಾರ ಊಟ ನಾಲ್ಕು ನಿಮಿಷ ತಡ ಎಂದು ಹೇಳಿ ಹೆಂಡತಿಯ ಒಂದು ನೋಟ ಗಿಟ್ಟಿಸಿಕೊಂಡರು. ಮೂರನೇ ವಾರದ ಹೊತ್ತಿಗೆ ಅವರಿಗೆ ಅರ್ಥವಾಯಿತು: ಈ ಮನೆ ಇಷ್ಟು ವರ್ಷಗಳಲ್ಲಿ ತಾನಿಲ್ಲದೆ ನಡೆಯುವುದನ್ನು ಚೆನ್ನಾಗಿ ಕಲಿತುಬಿಟ್ಟಿದೆ.

ಅದರಲ್ಲೂ ಮಧ್ಯಾಹ್ನ ಮೂರು ಗಂಟೆ ಎಂದರೆ ಅವರಿಗೆ ಮೈಯೆಲ್ಲ ಉರಿ. ಮೂರಕ್ಕೆ ಬಾಮೈದ ಬರುತ್ತಿದ್ದ. ಹೆಂಡತಿಯ ತಮ್ಮ, ಕಸುಬಿನಲ್ಲಿ ಕ್ಷೌರಿಕ. ಎರಡು ಬೀದಿ ಆಚೆ ಅವನ ಅಂಗಡಿ. ಗಿರಾಕಿ ಇಲ್ಲದ ಹೊತ್ತು ನೋಡಿ ಅಂಗಡಿಗೆ ಪರದೆ ಎಳೆದು ಬಂದವನು, "ಭಾವ, ಆರಾಮಾ?" ಎಂದು ಒಂದು ಮಾತು ಉದುರಿಸಿ, ಉತ್ತರಕ್ಕೂ ಕಾಯದೆ ಮಹಡಿ ಹತ್ತುತ್ತಿದ್ದ. ಅವನ ಹಿಂದೆ ಹೆಂಡತಿ. ಅವಳ ಹಿಂದೆ, ಬೆಳಗಿನಿಂದ ಮೊಣಕಾಲು ಹಿಡಿದುಕೊಂಡು ನರಳಿದ ತಾಯಿ ಕೂಡ ಕಂಬಿ ಹಿಡಿದು ಸರಸರನೆ ಹತ್ತಿಬಿಡುತ್ತಿದ್ದರು. ಐದು ನಿಮಿಷ ಕಳೆದರೆ ಮೇಲಿನಿಂದ ಗರ್ರೆಂಬ ಸದ್ದು, ಒಂದು ಪುಟ್ಟ ಸೀಟಿ, ಆಮೇಲೆ ನಗು. ಡ್ರೈವರು ಕೆಳಗೆ ಕೂತು ಹಳೇ ಪತ್ರಿಕೆಯನ್ನು ಮೂರನೇ ಸಲ ಓದುತ್ತಿದ್ದರು.

ಮೇಲಿದ್ದುದು ಕರೆಂಟಿನಲ್ಲಿ ಓಡುವ ಆಟದ ರೈಲು. ಹೆಂಡತಿಯ ಕಸುಬೇ ಅದು. ದೊಡ್ಡ ಆಟಿಕೆ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷ ರಿಪೇರಿ ವಿಭಾಗದಲ್ಲಿ ಕೂತು, ಸುಟ್ಟುಹೋದ ಮೋಟಾರುಗಳಿಗೆ ಕೂದಲೆಳೆಯಷ್ಟು ಸಣ್ಣ ತಂತಿ ಸುತ್ತಿದವಳು ಅವಳು. ಅಂಗಡಿ ಮುಚ್ಚಿದ ಮೇಲೆ ಕೆಲಸವನ್ನು ಮಹಡಿಯ ಕೋಣೆಗೆ ತಂದಳು. ಕಂಡುಕೇಳರಿಯದ ಊರುಗಳಿಂದ ಪಾರ್ಸಲ್ ಬರುತ್ತಿದ್ದವು. ಬಿಚ್ಚಿದರೆ ಹಳೇ ಬನಿಯನ್‌ನಲ್ಲಿ ಸುತ್ತಿದ ಯಾರದೋ ತಾತನ ಇಂಜಿನ್. ರಿಪೇರಿಯಾದದ್ದನ್ನು ಓಡಿಸಿ ನೋಡಬೇಕಲ್ಲ, ಅದಕ್ಕೆಂದು ಎರಡು ಹಳೇ ಬಾಗಿಲು ಜೋಡಿಸಿ ಮೇಜು ಮಾಡಿ ಹಳಿ ಹಾಸಿದಳು. ಹಳಿ ಬಂದಮೇಲೆ ಸ್ಟೇಷನ್ ಬೇಕಾಯಿತು. ಸ್ಟೇಷನ್ ಬಂದಮೇಲೆ ಅದರ ಸುತ್ತ ಊರು ಬೇಕಾಯಿತು. ತಮ್ಮನ ಹಟಕ್ಕೆ ಆ ಊರಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕ್ಷೌರದಂಗಡಿಯೂ ಎದ್ದಿತು. ಡ್ರೈವರು ಡ್ಯೂಟಿ ಮುಗಿಸಿ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು, "ಇನ್ನೂ ಆಟ ಮುಗಿದಿಲ್ವಾ?" ಎಂದು ಕೇಳಿ, ಊಟ ಮಾಡಿ, ಮಲಗಿ, ಮತ್ತೆ ಡ್ಯೂಟಿಗೆ ಹೋಗುತ್ತಿದ್ದರು. ಒಳಗೆ ಕಾಲಿಟ್ಟವರಲ್ಲ.

ನಾಲ್ಕನೇ ವಾರ ಅವರೇ ಮಹಡಿ ಹತ್ತಿದರು. ಕೋಣೆಯ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿತ್ತು. ಮೇಲೆ "ಗಾಡಿ ಬಿಡುವವರು" ಎಂದು ಹೆಂಡತಿಯ ದುಂಡು ಅಕ್ಷರ. ಕೆಳಗೆ ಮೂರೇ ಸಾಲು. "ನಾನು", "ತಮ್ಮ", "ಅತ್ತೆ". ಡ್ರೈವರು ಅದನ್ನು ಎರಡು ಸಲ ಓದಿದರು. ಅತ್ತೆ ಎಂದರೆ ತಮ್ಮ ಸ್ವಂತ ತಾಯಿ. ಜನ್ಮದಲ್ಲಿ ಹೊಲಿಗೆ ಯಂತ್ರ ಬಿಟ್ಟು ಬೇರೇನನ್ನೂ ಓಡಿಸಿದವರಲ್ಲ.

"ಸರಿ, ಸರಿ. ಒಂದು ಸುತ್ತು ನಾನು ಬಿಡ್ತೀನಿ, ಏಳಿ," ಎಂದರು, ಉಪಕಾರ ಮಾಡುವವರ ದನಿಯಲ್ಲಿ.

ಮೂವರೂ ಮುಖ ಮುಖ ನೋಡಿಕೊಂಡರು.

"ಪರೀಕ್ಷೆ ಇದೆ ರೀ," ಎಂದಳು ಹೆಂಡತಿ.

"ಯಾರಿಗೆ?"

"ಯಾರು ಬಿಡ್ತೀನಿ ಅಂತಾರೋ ಅವರಿಗೆ. ಇವೆಲ್ಲ ಬೇರೆಯವರ ಗಾಡಿಗಳು. ಬಿದ್ದು ಒಡೆದ್ರೆ ಮತ್ತೆ ಸಿಗಲ್ಲ. ನಾಲ್ಕು ಬೋಗಿಯ ಪ್ಯಾಸೆಂಜರ್, ಒಂದು ಸುತ್ತು, ಸ್ಟೇಷನ್‌ಗೆ ತಂದು ಆ ಬಿಳಿ ಗೆರೆ ಹತ್ತಿರ ನಿಲ್ಲಿಸಬೇಕು. ಅದರಾಚೆ ಹಳಿ ಮುಗಿಯುತ್ತೆ, ತಡೆಗೊಂದು ಪುಟ್ಟ ಕಟ್ಟೆ ಅಷ್ಟೇ. ಒಂದು ಬೆರಳು ಹಿಂದೆಮುಂದೆ ಆದ್ರೆ ಪರವಾಗಿಲ್ಲ. ಹತ್ತು ಸಲ ಬಿಟ್ರೆ ಹತ್ತೂ ಸಲ ಸರಿ ಇರಬೇಕು."

ಡ್ರೈವರು ನಕ್ಕರು. ಹದಿನೆಂಟು ಬೋಗಿ, ಸಾವಿರ ಜನ, ಮೇಲಿನ ಬರ್ತಿನಲ್ಲಿಟ್ಟ ಲೋಟದ ನೀರು ಅಲುಗದ ಹಾಗೆ ನಿಲ್ಲಿಸುತ್ತಿದ್ದ ಕೈ ಇದು ಎಂದರು. ಅದು ಸುಳ್ಳೇನಲ್ಲ, ಇಲಾಖೆಯವರೇ ಅದನ್ನು ಬರೆದು ಚೌಕಟ್ಟು ಹಾಕಿಸಿ ಕೊಟ್ಟಿದ್ದರು. ಅವರು ಅಂಗಿಯ ತೋಳು ಮಡಚಿ, ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಮುಂದೆ ಕೂತು, ಫ್ಯಾನಿನ ರೆಗ್ಯುಲೇಟರಿನಂಥ ಆ ಗುಂಡಿಯ ಮೇಲೆ ಎರಡೇ ಬೆರಳಿಟ್ಟರು. ಗಾಡಿ ಎಷ್ಟು ನಯವಾಗಿ ಹೊರಟಿತೆಂದರೆ ಬಾಮೈದ ತಲೆದೂಗಿದ. ಸೇತುವೆ ದಾಟಿತು, ಸುರಂಗ ಹೊಕ್ಕು ಹೊರಬಂತು, ತಿರುವಿನಲ್ಲಿ ಒಂಚೂರು ನಿಧಾನವಾಯಿತು. ಸ್ಟೇಷನ್ ಇನ್ನೂ ದೂರವಿರುವಾಗಲೇ ಡ್ರೈವರು ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಇನ್ನೇನು ಚಪ್ಪಾಳೆ ಬರುತ್ತದೆಂದು ಸುತ್ತ ನೋಡಿದರು.

ಗಾಡಿ ಅಲ್ಲೇ ನಿಂತಿತು. ಸ್ಟೇಷನ್ ಎಲ್ಲೋ, ಅದು ಎಲ್ಲೋ. ಒಂದು ಕಾಗದದ ಮರದ ಬುಡದಲ್ಲಿ ನಿಂತಿತ್ತು.

"ಕರೆಂಟ್ ಹೋಯ್ತಾ?" ಎಂದರು ಡ್ರೈವರು.

"ಇಲ್ಲ ಭಾವ. ನೀವೇ ತೆಗೆದ್ರಲ್ಲ."

ವಿಷಯ ಇಷ್ಟೇ. ನಿಜವಾದ ರೈಲನ್ನು ನಿಲ್ಲಿಸುವವನು ಸ್ಟೇಷನ್ ಬಂದಮೇಲೆ ನಿಲ್ಲಿಸುತ್ತೇನೆ ಅಂದುಕೊಂಡರೆ ಮುಂದಿನ ಊರಿಗೆ ಹೋಗಿ ಸೇರುತ್ತಾನೆ. ಎಷ್ಟೋ ಮೊದಲೇ ಶಕ್ತಿ ತೆಗೆಯಬೇಕು. ಸಾವಿರಾರು ಮಣ ಕಬ್ಬಿಣ ತನ್ನ ಭಾರಕ್ಕೆ ತಾನೇ ಉರುಳಿಕೊಂಡು ಬರುತ್ತದೆ. ಮುಂಚೆಯೇ ಬಿಡು, ಅದು ಬರುತ್ತದೆ. ಡ್ರೈವರ ಕೈ ಮೂವತ್ತಾರು ವರ್ಷ ಕಲಿತದ್ದು ಈ ಒಂದೇ ಪಾಠ. ಆಟದ ರೈಲಿಗೆ ಭಾರವೆಲ್ಲಿಂದ ಬರಬೇಕು? ಕರೆಂಟ್ ಇದ್ದರೆ ಓಡಿತು, ತೆಗೆದರೆ ನಿಂತಿತು. ಆ ಪಾಠ ತಿಳಿಯದ್ದರಿಂದಲೇ ಬಾಮೈದ ಪಾಸಾದ, ತಾಯಿ ಪಾಸಾದರು. ತಿಳಿದವರೊಬ್ಬರೇ ಫೇಲು.

ಎರಡನೇ ಸಲವೂ ಕಾಗದದ ಮರ. ಮೂರನೇ ಸಲವೂ ಅದೇ ಮರ. ಡ್ರೈವರಿಗೆ ಎಲ್ಲ ಗೊತ್ತಿತ್ತು, ಆದರೆ ಕೈ ಸೊಪ್ಪು ಹಾಕಲಿಲ್ಲ. ಹಳಿಗೆ ಎಣ್ಣೆ ಜಾಸ್ತಿ ಎಂದರು. ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದರು. ಕುರ್ಚಿಯ ಒಂದು ಕಾಲು ಕುಂಟು ಎಂದು ಬಾಮೈದನನ್ನು ಎಬ್ಬಿಸಿ ಅವನ ಕುರ್ಚಿ ತೆಗೆದುಕೊಂಡರು. ಹೆಂಡತಿ ಪ್ರತಿ ಸಲವೂ ಗಾಡಿಯ ಮೂತಿಯಿಂದ ಬಿಳಿ ಗೆರೆಯವರೆಗೆ ಮೊಣಕೈ ಊರಿ ಮೊಳ ಹಾಕಿ ಅಳೆದು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅವಳು ಹಾಗೆ ಬಾಗಿ ಬಾಗಿ ಅಳೆಯುವುದನ್ನು ಕಂಡರೆ ಡ್ರೈವರಿಗೆ ಇನ್ನಷ್ಟು ಅವಮಾನ.

"ಎರಡು ಮೊಳ," ಎಂದಳು ಹತ್ತನೇ ಸಲ.

"ಇಷ್ಟು ವರ್ಷ ನಿನ್ನ ಗಾಡೀಲಿ ಜನ ಇಳೀತಿದ್ದದ್ದು ಎಲ್ಲಿ ಕಣೋ," ಎಂದರು ತಾಯಿ, ಹೆಣಿಗೆಯಿಂದ ಕಣ್ಣೆತ್ತದೆ. "ಹೊಲದಲ್ಲಾ?"

ಡ್ರೈವರು ಎದ್ದು ಕೆಳಗಿಳಿದುಹೋದರು. ಆದರೆ ಮಾರನೇ ದಿನ ಮೂರಕ್ಕೆ ಮತ್ತೆ ಬಂದು, ಮೂಲೆಯ ಸ್ಟೂಲಿನ ಮೇಲೆ ಕೂತರು. ಗಾಡಿ ಬಿಡಲು ಅನುಮತಿಯಿಲ್ಲ. ನೋಡಲು ಯಾರೂ ಅಡ್ಡಿ ಮಾಡಲಿಲ್ಲ.

ನೋಡುತ್ತ ಕೂತವರಿಗೆ ಮೊದಲ ಸಲ ಆ ಕೋಣೆ ಕಣ್ಣಿಗೆ ಬಿತ್ತು. ಗೋಡೆಯುದ್ದಕ್ಕೂ ಕಪಾಟು, ಹೆಂಡತಿ ಬೆಸುಗೆ ಹಾಕುತ್ತಲೇ ಒಂದೊಂದರ ಕಥೆ ಹೇಳುತ್ತಿದ್ದಳು. ಕೆಳಗಿನ ಹಲಗೆಯಲ್ಲಿ ಕೀಲಿ ಕೊಟ್ಟು ಓಡಿಸುವ ತಗಡಿನ ಗಾಡಿಗಳು. ಪಕ್ಕದಲ್ಲಿ ನಿಜವಾದ ಹಬೆಯಲ್ಲೇ ಓಡುತ್ತಿದ್ದ ಹಿತ್ತಾಳೆ ಇಂಜಿನ್‌ಗಳು: ಹೊಟ್ಟೆಯಲ್ಲಿ ಸ್ಪಿರಿಟ್ ದೀಪ ಹೊತ್ತಿಸಿ ನೆಲಕ್ಕೆ ಬಿಟ್ಟರೆ ಹೋದಲ್ಲೆಲ್ಲ ನೀರು ಸೋರಿಸಿಕೊಂಡು, ಮನಸ್ಸು ಬಂದರೆ ನೆಲಹಾಸಿಗೂ ಬೆಂಕಿ ಹಚ್ಚಿ ಬರುತ್ತಿದ್ದವಂತೆ. ಆಮೇಲೆ ಕರೆಂಟ್ ಬಂತು. ಮನೆಗಳಲ್ಲಿ ದೀಪವೇ ಹೊಸದಾಗಿದ್ದ ಆ ಕಾಲದಲ್ಲಿ ಬಲ್ಬ್ ಬಿಚ್ಚಿ ಆ ಜಾಗದಿಂದಲೇ ಹಳಿಗೆ ವೈರ್ ಎಳೆಯುತ್ತಿದ್ದರಂತೆ. ರೈಲು ಓಡಿದರೆ ಮನೆ ಕತ್ತಲು, ಹಳಿ ಮುಟ್ಟಿದರೆ ಕೈಕಾಲು ಜುಮ್.

"ಮಾಡಿದ್ದು ಮಕ್ಕಳಿಗೆ ಅಂತಾನೂ ಅಲ್ವಂತೆ," ಎಂದಳು ಒಂದು ದಿನ. "ಅಂಗಡಿ ಕಿಟಕೀಲಿ ಬೇರೆ ಸಾಮಾನು ಮಾರೋಕೆ ಅಂತ ಒಬ್ಬ ಕರೆಂಟಿನ ಗಾಡಿ ಮಾಡಿ ಓಡಿಸಿದ್ನಂತೆ. ಜನ ಒಳಗೆ ಬಂದು ಸಾಮಾನು ಬೇಡ, ಆ ಗಾಡಿ ಕೊಡಿ ಅಂದ್ರಂತೆ. ಕಥೆಯೋ ನಿಜವೋ ಗೊತ್ತಿಲ್ಲ. ನಮ್ಮಂಗಡೀಲಿ ಮಾತ್ರ ದಿನಾ ನೋಡ್ತಿದ್ದೆ. ಅಪ್ಪಂದಿರು ಮಗುವಿನ ನೆಪ ಹೇಳ್ಕೊಂಡು ಬರೋರು, ಮಗೂನ ಆ ಕಡೆ ತಳ್ಳಿ ತಾವೇ ಆಡೋರು."

ಇದನ್ನು ನಂಬಲು ಡ್ರೈವರಿಗೆ ಹೆಚ್ಚು ದಿನ ಬೇಕಾಗಲಿಲ್ಲ. ತಮ್ಮ ಇಂಜಿನ್ ಒಯ್ಯಲು ಒಬ್ಬ ನಿವೃತ್ತ ಜಡ್ಜ್ ಬಂದರು. ಕೋಟು, ಕೋಲು, ಗಂಟುಮುಖ. ಅವರು ಒಳಗೆ ಬಂದಾಗ ಬಾಮೈದ ಏನೂ ತಪ್ಪು ಮಾಡದೆಯೇ ಎದ್ದು ನಿಂತ. ಗಾಡಿ ಒಂದು ಸುತ್ತು ಹಾಕುವಷ್ಟರಲ್ಲಿ ಜಡ್ಜ್ ಸಾಹೇಬರು ಕೋಟು ಕಳಚಿ, ನೆಲಕ್ಕೆ ಮಂಡಿಯೂರಿ, ಕೆನ್ನೆಯನ್ನು ಮೇಜಿಗೆ ಒತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. "ಹೀಗೆ ನೋಡಿದ್ರೆ ದೊಡ್ಡದಾಗಿ ಕಾಣುತ್ತೆ," ಎಂದು ಯಾರಿಗೋ ಎಂಬಂತೆ ಹೇಳಿದರು. ಅವರು ಹೋದಮೇಲೆ ಡ್ರೈವರು ಯಾರೂ ಇಲ್ಲದಾಗ ಕೆನ್ನೆ ಒತ್ತಿ ನೋಡಿದರು. ಹೌದು, ದೊಡ್ಡದಾಗಿ ಕಾಣುತ್ತಿತ್ತು. ಹಳಿ, ಸಿಗ್ನಲ್, ಎದುರಿಗೆ ಬರುವ ದೀಪ, ಎಲ್ಲವೂ ತಾವು ಬಿಟ್ಟುಬಂದ ಹಾಗೇ ಇತ್ತು. ಕೆನ್ನೆಯ ಮೇಲೆ ಹಳಿಯ ಗುರುತು ಮೂಡಿದ್ದು ರಾತ್ರಿ ಊಟದವರೆಗೂ ಹೋಗಲಿಲ್ಲ. ತಾಯಿ ನೋಡಿದರು, ಹೇಗೋ ಸುಮ್ಮನಿದ್ದರು.

ವಿಷಯ ಕೆಟ್ಟದ್ದು ಬಾಮೈದನ ಕ್ಷೌರದಂಗಡಿಯಲ್ಲಿ. ವರ್ಷಕ್ಕೊಂದು ಭಾನುವಾರ ಹೆಂಡತಿ ಮಹಡಿಯ ಕೋಣೆಯನ್ನು ಬೀದಿಯವರಿಗೆಲ್ಲ ತೆರೆದಿಡುತ್ತಿದ್ದಳು. ಆ ಭಾನುವಾರ ಹತ್ತಿರ ಬಂದಿತ್ತು. ಡ್ರೈವರು ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು ಬಾಮೈದನ ಕತ್ತರಿಯ ಕೆಳಗೆ ಕೂತಿದ್ದಾಗ, ಸರದಿಗೆ ಕಾದಿದ್ದ ಐದಾರು ಜನರಲ್ಲಿ ಒಬ್ಬ ಕೇಳಿದ: "ಈ ಸಲ ಡ್ರೈವರೇ ಮನೇಲಿದಾರೆ. ಗಾಡಿ ಅವರೇ ಬಿಡೋದಲ್ವಾ?"

"ಮತ್ತಿನ್ಯಾರು?" ಎಂದಿತು ಡ್ರೈವರ ಬಾಯಿ.

ಕನ್ನಡಿಯಲ್ಲಿ ಬಾಮೈದನ ಕತ್ತರಿ ನಿಂತಿತು. ಇಬ್ಬರ ಕಣ್ಣೂ ಅಲ್ಲಿ ಒಂದಕ್ಕೊಂದು ಸಿಕ್ಕವು. ಬಾಮೈದ ಗಂಟಲು ಸರಿಮಾಡಿಕೊಂಡು, "ಹೌದು ಮತ್ತೆ, ಭಾವನೇ," ಎಂದು ಕೆಲಸ ಮುಂದುವರಿಸಿದ. ಅವನು ಗುಟ್ಟು ಬಿಟ್ಟುಕೊಟ್ಟಿದ್ದರೆ ನಕ್ಕು ಮುಗಿಯುತ್ತಿತ್ತು. ಬಿಟ್ಟುಕೊಡದೆ ಹೋದದ್ದರಿಂದ ಮಾತು ಇಡೀ ಬೀದಿಗೆ ಹಬ್ಬಿತು.

ಹಾಗಾಗಿ ಡ್ರೈವರು ಎರಡನೇ ಸಲ ಪರೀಕ್ಷೆಗೆ ಕೂತರು. ಈ ಸಲ ಒಂದೇ ನಿರ್ಧಾರ: ಏನೇ ಆಗಲಿ, ಬಿಳಿ ಗೆರೆ ಕಾಣುವವರೆಗೆ ಕೈ ಬಿಡಬಾರದು. ಗಾಡಿ ಸ್ಟೇಷನ್ನಿನತ್ತ ಬಂತು. ಬೆರಳುಗಳು ತಿರುಗಿಸುತ್ತೇವೆಂದು ಒದ್ದಾಡಿದವು. ಅವರು ಹಲ್ಲು ಕಚ್ಚಿ ತಡೆದರು. ಕಾಗದದ ಮರ ದಾಟಿತು, ಗೆರೆ ಬಂತು, ಗೆರೆಯೂ ದಾಟಿತು. ತಡೆಹಿಡಿಯುವ ಅವಸರದಲ್ಲಿ ಅವರು ಗುಂಡಿಯನ್ನು ಆ ಕಡೆ ತಿರುಗಿಸುವ ಬದಲು ಈ ಕಡೆ ತಿರುಗಿಸಿದರು. ಇಂಜಿನ್ ತುದಿಯ ಕಟ್ಟೆಯನ್ನು ಹಾರಿ, ಮೇಜು ಬಿಟ್ಟು, ತಾಯಿಯ ಮಡಿಲಿನ ಉಣ್ಣೆ ಉಂಡೆಗಳ ಮಧ್ಯೆ ಬಿದ್ದು ಎಳೆಗಳಲ್ಲಿ ಸಿಕ್ಕಿಕೊಂಡಿತು.

"ಪರವಾಗಿಲ್ಲ," ಎಂದರು ತಾಯಿ. "ಹೊಲಕ್ಕಿಂತ ವಾಸಿ."

ಬಾಮೈದ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿ ನಗಲಿಲ್ಲ, ಉಣ್ಣೆಯ ಎಳೆಗಳನ್ನು ಚಕ್ರದಿಂದ ಒಂದೊಂದಾಗಿ ಬಿಡಿಸಿದಳು. ಬೇರೆಯವರ ಇಂಜಿನ್, ಪುಣ್ಯಕ್ಕೆ ಏನೂ ಆಗಿರಲಿಲ್ಲ. ಆದರೂ ಅವಳು ಅದನ್ನು ದೀಪಕ್ಕೆ ಹಿಡಿದು ಮೂರು ಸಲ ತಿರುಗಿಸಿ ನೋಡಿದ್ದನ್ನು ಡ್ರೈವರು ಕಂಡರು.

"ಭಾನುವಾರ ನಾನು ಊರಲ್ಲಿರಲ್ಲ," ಎಂದರು ಆಮೇಲೆ, ಅಡುಗೆಮನೆಯಲ್ಲಿ.

"ಎಲ್ಲಿಗೆ ಹೋಗ್ತೀರಿ?"

"ಎಲ್ಲಿಗಾದ್ರೂ. ಇಲ್ಲಿ ಇದ್ದು ಏನು ಮಾಡ್ಲಿ ಹೇಳು. ಮನೆ ನೀನು ನೋಡ್ಕೊಳ್ತೀಯ. ಅಮ್ಮನಿಗೂ ನೀನೇ ಬೇಕು. ನನಗೆ ಬರ್ತಿದ್ದದ್ದು ಒಂದೇ ಒಂದು ಕೆಲಸ. ಅದೂ ಈ ಮನೇಲಿ ನನಗೆ ಬರಲ್ಲ ಅಂತಾಯ್ತು. ಮೊದಲೇ ವಾಸಿ ಇತ್ತು. ಎರಡು ದಿನ ಬರ್ತಿದ್ದೆ, ನೆಂಟನ ಹಾಗೆ ಉಂಡು ಹೋಗ್ತಿದ್ದೆ."

ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ಒಟ್ಟಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಹೆಂಡತಿ ಪಾತ್ರೆ ಒರೆಸುವುದನ್ನು ನಿಲ್ಲಿಸಿ ಅವರನ್ನು ನೋಡಿದಳು. "ಊಟ ಆಯ್ತಲ್ಲ, ಹೋಗಿ ಸ್ವಲ್ಪ ಹೊತ್ತು ಮಲ್ಕೊಳ್ಳಿ," ಎಂದಳು. ಹೆಂಡತಿಗೂ ತಾನು ಬೇಡವಾದೆ ಎಂದುಕೊಂಡೇ ಡ್ರೈವರು ಹೋಗಿ ಮಲಗಿದರು. ಅವತ್ತು, ಮರುದಿನ, ಅದರ ಮರುದಿನ, ಮಧ್ಯಾಹ್ನದ ಅರೆನಿದ್ದೆಯಲ್ಲಿ ಮಹಡಿಯಿಂದ ಅರ ತಿಕ್ಕುವ ಸದ್ದು ಕೇಳುತ್ತಿತ್ತು. ನಡುವೆ ಒಮ್ಮೊಮ್ಮೆ ಧೊಪ್ ಎಂದು ಏನೋ ಮೆತ್ತಗೆ ಗುದ್ದಿದ ಸದ್ದು. ಯಾವುದೋ ಪಾರ್ಸಲಿನ ಕೆಲಸವಿರಬೇಕೆಂದು ಅವರು ಮಗ್ಗುಲು ಬದಲಿಸುತ್ತಿದ್ದರು.

ಶುಕ್ರವಾರ ಅವಳೇ ಬಂದು ಎಬ್ಬಿಸಿದಳು. "ಬನ್ನಿ, ಇನ್ನೊಂದು ಸಲ ನೋಡೋಣ. ಬೇರೆಯವರ ಗಾಡಿ ಬೇಡ, ನನ್ನದೇ ಹಾಕಿದೀನಿ."

ಅದು ಅಂಗಡಿ ಮುಚ್ಚಿದಾಗ ಅವಳಿಗೆ ಸಿಕ್ಕಿದ್ದ ಹಸಿರು ಇಂಜಿನ್, ಹೊಸದರಂತೆ ಇಟ್ಟುಕೊಂಡಿದ್ದಳು. ಡ್ರೈವರು ಆಸೆಯಿಲ್ಲದೆ ಕೂತರು. ಈ ಸಲ ನಿರ್ಧಾರಗಳೂ ಇರಲಿಲ್ಲ. ಗಾಡಿ ಸುತ್ತು ಬಂತು. ಕೈ ತನ್ನ ಹಳೇ ಚಾಳಿಯಂತೆ ಕಾಗದದ ಮರದ ಹತ್ತಿರವೇ ಸೊನ್ನೆಗೆ ತಿರುಗಿಸಿಬಿಟ್ಟಿತು. ಅಯ್ಯೋ ಎಂದು ಅವರು ಕಣ್ಣು ಮುಚ್ಚಿಕೊಂಡರು. ತೆರೆದಾಗ ಗಾಡಿ ಬಿಳಿ ಗೆರೆಗೆ ಮೂತಿ ತಾಗಿಸಿ ನಿಂತಿತ್ತು.

"ಒಂದು," ಎಂದಳು ಹೆಂಡತಿ.

ಹತ್ತೂ ಆದವು. ಹತ್ತನೆಯದರಲ್ಲಂತೂ ಗೆರೆಗೂ ಇಂಜಿನ್‌ಗೂ ಮಧ್ಯೆ ಕಾಗದ ತೂರುತ್ತಿರಲಿಲ್ಲ. ಹೆಂಡತಿ ಸೀಮೆಸುಣ್ಣ ತೆಗೆದುಕೊಂಡು ಕರಿಹಲಗೆಯ ಮೇಲೆ ನಾಲ್ಕನೇ ಸಾಲು ಬರೆದಳು: "ನಮ್ಮವರು". ಡ್ರೈವರು ಆ ಸಾಲಿನ ಮುಂದೆ ಸುಮ್ಮಸುಮ್ಮನೆ ನಾಲ್ಕು ಸಲ ಓಡಾಡಿದರು.

ಆಮೇಲಿನ ಎರಡು ದಿನ ಅವರನ್ನು ಸಹಿಸಿಕೊಂಡವರಿಗೆ ಕೈ ಮುಗಿಯಬೇಕು. ತಾವು ಗೆದ್ದದ್ದು ಹೇಗೆಂದು ಅವರು ಬಾಮೈದನಿಗೆ ಊಟದ ತಟ್ಟೆಯ ಮೇಲೆ ಚಮಚ ಓಡಿಸಿ ತೋರಿಸಿದರು. ಎಲ್ಲವೂ ಉಸಿರಾಟದಲ್ಲಿದೆ ಎಂದರು. ಮನಸ್ಸು ಖಾಲಿ ಮಾಡಿಕೊಂಡರೆ ಯಂತ್ರ ತಾನೇ ಒಲಿಯುತ್ತದೆ ಎಂದರು. ತಾಯಿಗೂ ಕೂರುವ ಭಂಗಿ ಸರಿಯಿಲ್ಲವೆಂದು ಹೇಳಲು ಹೋಗಿ ಹೆಣಿಗೆ ಕಡ್ಡಿಯಿಂದ ತಿವಿಸಿಕೊಂಡರು. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು ಹೂಂ ಹೂಂ ಎನ್ನುತ್ತಿದ್ದಳು.

ಭಾನುವಾರ ಬೆಳಗ್ಗೆ ಬೀದಿಗೆ ಬೀದಿಯೇ ಮಹಡಿಯಲ್ಲಿತ್ತು. ಮೆಟ್ಟಿಲ ಮೇಲೂ ಜನ. ಕ್ಷೌರದಂಗಡಿಯ ಐದಾರು ಮಂದಿ ಗೋಡೆಗೆ ಒರಗಿದ್ದರು. ಜಡ್ಜ್ ಸಾಹೇಬರು ಎಲ್ಲರಿಗಿಂತ ಮೊದಲು ಬಂದು, ಮೇಜಿನ ತುದಿಗೆ ತಾಗಿದ ಕುರ್ಚಿ ಹಿಡಿದಿದ್ದರು. ಡ್ರೈವರು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಕೂತು ಹಸಿರು ಗಾಡಿಯನ್ನು ಮೂರು ಸಲ ಸ್ಟೇಷನ್ನಿಗೆ ತಂದರು. ಮೂರು ಸಲವೂ ಎರಡು ಮೊಳ ಮುಂಚೆಯೇ ಕೈ ಎತ್ತಿ ಗಾಳಿಯಲ್ಲಿ ಆಡಿಸಿ ತೋರಿಸಿದರು. ಗಾಡಿ ತಾನೇ ಬಂದು ಗೆರೆಗೆ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಮೂವತ್ತಾರು ವರ್ಷದಲ್ಲಿ ಒಬ್ಬ ಪ್ರಯಾಣಿಕನೂ ಅವರಿಗೆ ಚಪ್ಪಾಳೆ ತಟ್ಟಿರಲಿಲ್ಲ, ನಿದ್ದೆಯಲ್ಲಿರುತ್ತಿದ್ದರು ಪಾಪ.

"ಈಗ ನನ್ನ ಸರದಿ ಭಾವ," ಎಂದು ಬಾಮೈದ ಕೂತ.

"ಬೇರೆ ಗಾಡಿ ಹಾಕ್ತೀನಿ ಇರೋ," ಎಂದು ಹೆಂಡತಿ ಗುಂಪನ್ನು ತಳ್ಳಿಕೊಂಡು ಬರುವಷ್ಟರಲ್ಲಿ ಅವನು ಹೊರಡಿಸಿಯಾಗಿತ್ತು. ಅವನದು ಅಚ್ಚುಕಟ್ಟಾದ ಕೈ. ಇಂಜಿನ್ನಿನ ಮೂತಿ ಗೆರೆಯ ಮೇಲೆ ಬಂದ ಕ್ಷಣಕ್ಕೆ ಸೊನ್ನೆ ಮಾಡಿದ. ಗಾಡಿ ಅವನ ಮಾತು ಕೇಳಲಿಲ್ಲ. ಗಂಭೀರವಾಗಿ ಸ್ಟೇಷನ್ ದಾಟಿ, ಕಟ್ಟೆ ಒಡೆದು, ನೇರವಾಗಿ ಜಡ್ಜ್ ಸಾಹೇಬರ ಮಡಿಲಿಗೆ ಇಳಿಯಿತು.

"ನಿಮಗೆ ಬರಲ್ಲ, ಸರೀರಿ," ಎಂದು ತಾಯಿ ಅವನನ್ನು ಎಬ್ಬಿಸಿ ಕೂತರು. ಎರಡನೇ ಸಲವೂ ಜಡ್ಜ್ ಸಾಹೇಬರ ಮಡಿಲೇ. ಅವರಿಗೆ ಪರಮಾನಂದವಾಗಿ, ಮೂರನೆಯದಕ್ಕೆ ಎರಡೂ ಕೈ ಚಾಚಿ ಕಾದರು.

"ಗಾಡಿಗೆ ಏನೋ ಆಗಿದೆ," ಎಂದರು ತಾಯಿ.

ಡ್ರೈವರು ಜಡ್ಜರ ಕೈಯಿಂದ ಇಂಜಿನ್ ಎತ್ತಿಕೊಂಡರು. ಭಾರವಿತ್ತು. ಒಂದು ಬೆರಳಿನಿಂದ ಚಕ್ರ ತಿರುಗಿಸಿ ಬಿಟ್ಟರು. ಕಾಲು ತೆಗೆದ ಮೇಲೂ ಹೊಲಿಗೆ ಯಂತ್ರದ ಗಾಲಿ ತಿರುಗುತ್ತದಲ್ಲ, ಹಾಗೆ ಒಳಗೇನೋ ಝುಂಯ್ ಎಂದು ತಿರುಗುತ್ತಲೇ ಇತ್ತು. ಸಂದಿಯಲ್ಲಿ ಇಣುಕಿದರೆ ಹೊಸದಾಗಿ ಅರ ಹಾಕಿದ ಹಿತ್ತಾಳೆಯ ಹೊಳಪು. ಕಣ್ಣಳತೆಯಲ್ಲೇ ಭಾರ ಹೇಳುವ ಮನುಷ್ಯನಿಗೆ ಉಳಿದದ್ದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಉಸಿರಾಟವೂ ಅಲ್ಲ, ಖಾಲಿ ಮನಸ್ಸೂ ಅಲ್ಲ. ಮುಖ ಕೆಂಪಾಯಿತು.

"ಇದರೊಳಗೆ ಏನು ಹಾಕಿದೀಯ?"

"ಒಂದು ಹಿತ್ತಾಳೆ ಚಕ್ರ," ಎಂದಳು ಹೆಂಡತಿ.

"ಯಾಕೆ?"

"ಕರೆಂಟ್ ತೆಗೆದಮೇಲೂ ಎರಡು ಮೊಳ ಬರ್ಲಿ ಅಂತ."

ಡ್ರೈವರು ಇಂಜಿನ್ನನ್ನು ಹಳಿಯ ಮೇಲಿಟ್ಟು, ಕರಿಹಲಗೆಯ ಹತ್ತಿರ ಹೋಗಿ, ಸಮವಸ್ತ್ರದ ತೋಳಿನಿಂದಲೇ ನಾಲ್ಕನೇ ಸಾಲನ್ನು ಒರೆಸಿದರು.

"ನಿಯಮ ಅಂದ್ರೆ ನಿಯಮ," ಎಂದರು. "ನಾನು ಪಾಸಾಗಿಲ್ಲ. ನೀನು ಪಾಸು ಮಾಡಿಸಿದೀಯ."

"ನಿಮ್ಮನ್ನ ಪಾಸು ಮಾಡ್ಸೋಕೆ ಮಾಡ್ಲಿಲ್ಲ ರೀ." ಅವಳ ದನಿ ಮೆತ್ತಗಿತ್ತು, ಆದರೆ ಮೆಟ್ಟಿಲಿನವರಿಗೂ ಕೇಳಿಸಿತು. "ಹತ್ತು ಸಲ ಅಳೆದೆ. ಹತ್ತು ಸಲಾನೂ ಎರಡೇ ಮೊಳ, ಒಂದು ಬೆರಳು ಆಚೀಚೆ ಇಲ್ಲ. ಅಷ್ಟು ಸರಿಯಾಗಿ ತಪ್ಪು ಮಾಡೋರನ್ನ ನಾನು ಈ ಕಸುಬಲ್ಲಿ ನೋಡೇ ಇಲ್ಲ. ಆಗ ಅನ್ನಿಸ್ತು, ಕೈ ಸರಿಯಾಗೇ ಇದೆ, ತಪ್ಪಿರೋದು ಗಾಡೀಲಿ ಅಂತ. ಗಾಡಿ ತಪ್ಪಿದ್ರೆ ರಿಪೇರಿ ಮಾಡೋದು ನನ್ನ ಕೆಲಸ. ಮಾಡಿದೆ."

ಡ್ರೈವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಇಷ್ಟು ವರ್ಷ ಎಷ್ಟೋ ಅಧಿಕಾರಿಗಳು ಅವರ ಕೆಲಸ ನೋಡಿ ತಲೆದೂಗಿದ್ದರು. ಅವರ ಕೈಯನ್ನು ಇಷ್ಟು ಹತ್ತಿರದಿಂದ ನೋಡಿದವರು ಯಾರೂ ಇರಲಿಲ್ಲ.

ಹೆಂಡತಿ ಬಂದು ಪೆಟ್ಟಿಗೆಯ ಮುಂದೆ ಕೂತಳು. "ನನಗೂ ಇದನ್ನ ನಿಲ್ಲಿಸೋಕೆ ಬರಲ್ಲ," ಎಂದಳು. "ಮೂರು ಮಧ್ಯಾಹ್ನ ಒದ್ದಾಡಿದೆ. ಕೊನೆಗೆ ತುದೀಲಿ ದಿಂಬು ಇಟ್ಕೊಂಡೆ. ಹೇಳ್ಕೊಡ್ತೀರಾ?"

ಡ್ರೈವರು ಸ್ಟೂಲ್ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತರು. ಗಾಡಿ ಹೊರಟಿತು. ಸೇತುವೆ ದಾಟಿ, ಸುರಂಗ ಹೊಕ್ಕು ಹೊರಬಂದು, ತಿರುವು ಮುಗಿಸಿತು. ಅವಳ ಕಣ್ಣೆಲ್ಲ ಬಿಳಿ ಗೆರೆಯ ಮೇಲೆ.

"ಅದನ್ನ ನೋಡ್ಬೇಡ," ಎಂದರು. "ಈಗ ಬಿಡು."

"ಇನ್ನೂ ಎಷ್ಟು ದೂರ ಇದೆ ರೀ."

"ಇರಲಿ ಕಣೇ. ಬಿಡು."

ಅವಳು ಗುಂಡಿ ತಿರುಗಿಸಿ ಕೈ ಎತ್ತಿದಳು. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಗಂಡನ ತೋಳು ಹಿಡಿದಳು. ಗಾಡಿಯನ್ನು ಈಗ ಯಾರೂ ಓಡಿಸುತ್ತಿರಲಿಲ್ಲ.

"ಬರುತ್ತಾ?" ಎಂದಳು.

"ಬರುತ್ತೆ," ಎಂದರು ಡ್ರೈವರು.

ಬಂತು.